ಮರಣದಂಡನೆಯ ನೆರಳಿನಲ್ಲಿ ಬೆಳೆದ ವಕೀಲ: ಶಾನ್ ಮ್ಯಾಕ್‌ಬ್ರೈಡ್



ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಕೂರುವ ನಮ್ಮ ವಿದ್ಯಾರ್ಥಿಗಳು ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. 1974ನೇ ಇಸವಿಯ ಮುಂದೆ ಎರಡು ಹೆಸರುಗಳಿವೆ. ಒಂದು ಜಪಾನಿನ ಮಾಜಿ ಪ್ರಧಾನಿ ಐಸಾಕು ಸಾಟೊ ಅವರದು, ಇನ್ನೊಂದು ಐರ್ಲೆಂಡಿನ ಶಾನ್ ಮ್ಯಾಕ್‌ಬ್ರೈಡ್ ಅವರದು. ಹೆಸರಿನ ಅಕ್ಷರಗಳನ್ನು ನೋಡಿ 'ಸೀನ್' ಎಂದು ಓದುವವರೂ ಇದ್ದಾರೆ, ಆದರೆ ಐರಿಷ್ ಉಚ್ಚಾರಣೆ 'ಶಾನ್' ಎಂದೇ. ಪರೀಕ್ಷೆಗೆ ಇಷ್ಟು ಸಾಕಾಗಬಹುದು. ಈ ಮನುಷ್ಯನ ಬದುಕನ್ನು ಅರಿಯಲು ಸಾಲದು. ಆದ್ದರಿಂದ ಈ ವರ್ಷದ ಸಂಚಿಕೆಯಲ್ಲಿ ಅವರ ಜೀವನವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಶಾನ್ ಹುಟ್ಟಿದ್ದು 1904ರ ಜನವರಿ 26ರಂದು, ಪ್ಯಾರಿಸ್ ನಗರದಲ್ಲಿ. ನಮ್ಮಂತೆಯೇ ಐರ್ಲೆಂಡ್ ಕೂಡ ಆಗ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ತಂದೆ ಜಾನ್ ಮ್ಯಾಕ್‌ಬ್ರೈಡ್ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ್ದ ಐರಿಷ್ ಸೈನಿಕ. ತಾಯಿ ಮಾಡ್ ಗಾನ್ ಸ್ವಾತಂತ್ರ್ಯ ಹೋರಾಟಗಾರ್ತಿ. ಕವಿ ಯೇಟ್ಸ್ ಜೀವನಪೂರ್ತಿ ಪ್ರೀತಿಸಿದ ಮಹಿಳೆ ಇವರೇ ಎಂಬುದು ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಗೊತ್ತಿರುತ್ತದೆ. ಮಗು ಹುಟ್ಟಿದ ಮರುವರ್ಷವೇ ಗಂಡ ಹೆಂಡಿರು ಬೇರೆಯಾದರು, ವಿಷಯ ನ್ಯಾಯಾಲಯಕ್ಕೂ ಹೋಯಿತು. ತಂದೆ ಡಬ್ಲಿನ್‌ಗೆ ಹಿಂತಿರುಗಿದರು. ಮಗ ತಾಯಿಯ ಜೊತೆ ಫ್ರಾನ್ಸಿನಲ್ಲಿ ಫ್ರೆಂಚ್ ಮಾತಾಡುತ್ತಾ ಬೆಳೆದ. ಅವರ ಇಂಗ್ಲಿಷಿನಲ್ಲಿ ಆ ಫ್ರೆಂಚ್ ಧಾಟಿ ಕೊನೆಯವರೆಗೂ ಉಳಿಯಿತು.

1916ರ ಈಸ್ಟರ್ ಸೋಮವಾರ ಡಬ್ಲಿನ್‌ನಲ್ಲಿ ದಂಗೆ ಎದ್ದಿತು. ಅದರ ಯೋಜನೆಯಲ್ಲಿ ಜಾನ್ ಮ್ಯಾಕ್‌ಬ್ರೈಡ್ ಇರಲೇ ಇಲ್ಲ. ಬೇರೆ ಕೆಲಸಕ್ಕೆಂದು ಪೇಟೆಗೆ ಬಂದವರು, ದಾರಿಯಲ್ಲಿ ಹೋರಾಟಗಾರರ ದಂಡು ಕಂಡು ಅವರೊಡನೆ ಸೇರಿಬಿಟ್ಟರು. ಒಂದು ಬಿಸ್ಕತ್ ಕಾರ್ಖಾನೆಯಲ್ಲಿ ನೆಲೆಯೂರಿದ್ದ ಆ ದಂಡು ವಾರದ ಕೊನೆಗೆ ಶರಣಾಯಿತು. ನಂತರ ನಡೆದದ್ದು ಸೇನಾ ನ್ಯಾಯಾಲಯದ ವಿಚಾರಣೆ. ಬಾಗಿಲು ಮುಚ್ಚಿದ ಕೋಣೆ, ಆರೋಪಿಯ ಪರವಾಗಿ ವಕೀಲರಿಲ್ಲ, ಮೇಲ್ಮನವಿಗೆ ಅವಕಾಶವಿಲ್ಲ. ಮೇ 3ರಿಂದ 12ರ ನಡುವೆ ಡಬ್ಲಿನ್‌ನ ಕಿಲ್ಮೇನಮ್ ಸೆರೆಮನೆಯ ಅಂಗಳದಲ್ಲಿ 14 ಜನರನ್ನು ಗುಂಡಿಟ್ಟು ಕೊಂದರು. ಮೇ 5ರಂದು ಜಾನ್ ಮ್ಯಾಕ್‌ಬ್ರೈಡ್ ಅವರ ಸರದಿ.

ಈ ಲೇಖನ ಓದುತ್ತಿರುವ ಏಳನೇ ತರಗತಿಯ ವಿದ್ಯಾರ್ಥಿಯೇ, ಆಗ ಶಾನ್‌ಗೆ ನಿನ್ನದೇ ವಯಸ್ಸು, ಹನ್ನೆರಡು ವರ್ಷ. ಸರಿಯಾಗಿ ಮುಖ ಪರಿಚಯವೂ ಇಲ್ಲದ ತಂದೆ ಒಂದೇ ದಿನದಲ್ಲಿ ಹುತಾತ್ಮನಾಗಿ ಅವನ ಬದುಕಿನೊಳಗೆ ಬಂದರು. ಯೇಟ್ಸ್ ಬರೆದ ಪ್ರಸಿದ್ಧ ಕವಿತೆಯೊಂದರಲ್ಲಿ ಆ ತಂದೆಯ ಹೆಸರು ಸೇರಿಕೊಂಡಿತು. ತಂದೆಯನ್ನು ಕವಿತೆಯಲ್ಲಿ ಭೇಟಿಯಾಗಬೇಕಾದ ಹುಡುಗನ ಮನಸ್ಸು ಹೇಗಿದ್ದಿರಬಹುದೆಂದು ನೀವೇ ಊಹಿಸಿಕೊಳ್ಳಿ.

ಮುಂದೆ ತಾಯಿ ಮಗ ಐರ್ಲೆಂಡಿಗೆ ಬಂದು ನೆಲೆಸಿದರು. ಹದಿಹರೆಯದಲ್ಲೇ ಶಾನ್ ಐರಿಷ್ ರಿಪಬ್ಲಿಕನ್ ಆರ್ಮಿ ಸೇರಿ ಬಂದೂಕು ಹಿಡಿದರು. 1921ರ ಡಿಸೆಂಬರಿನಲ್ಲಿ ಬ್ರಿಟನ್‌ನೊಡನೆ ಒಪ್ಪಂದವಾಯಿತು. ಆದರೆ ದೇಶದ ಉತ್ತರ ಭಾಗ ಬ್ರಿಟನ್‌ನಲ್ಲೇ ಉಳಿಯಿತು, ದೊರೆಗೆ ನಿಷ್ಠೆಯ ಪ್ರಮಾಣವೂ ಉಳಿಯಿತು. ಒಪ್ಪಂದ ಬೇಕೆಂದವರೂ ಬೇಡವೆಂದವರೂ ಎರಡು ಬಣವಾಗಿ, ನಿನ್ನೆಯವರೆಗೆ ಜೊತೆಯಲ್ಲಿ ಹೋರಾಡಿದವರೇ ಪರಸ್ಪರ ಗುಂಡು ಹಾರಿಸಿದರು. ಶಾನ್ ಒಪ್ಪಂದ ಬೇಡವೆಂದವರ ಬಣ. 1922ರ ಜೂನ್ ಕೊನೆಯಲ್ಲಿ ಸೆರೆಸಿಕ್ಕಿ ಡಬ್ಲಿನ್‌ನ ಮೌಂಟ್‌ಜಾಯ್ ಜೈಲು ಸೇರಿದರು. ಅಲ್ಲಿ ಅವರ ಕೋಣೆಯ ಜೊತೆಗಾರ ಅದೇ ಬಣದ ಮುಂದಾಳು ರೋರಿ ಓ'ಕಾನರ್.

ಡಿಸೆಂಬರ್ 7ರಂದು ಹೊರಗೆ ಸಂಸತ್ ಸದಸ್ಯರೊಬ್ಬರನ್ನು ಗುಂಡಿಟ್ಟು ಕೊಂದರು. ಮರುದಿನ ಬೆಳಿಗ್ಗೆ ಸರ್ಕಾರ ಅದಕ್ಕೆ ಉತ್ತರವಾಗಿ ಜೈಲಿನೊಳಗಿದ್ದ ನಾಲ್ವರನ್ನು ಕೊಂದಿತು. ಆ ನಾಲ್ವರಲ್ಲಿ ರೋರಿ ಒಬ್ಬರು. ಐದು ತಿಂಗಳಿಂದ ಜೈಲಿನಲ್ಲಿದ್ದವರು ಹಿಂದಿನ ದಿನದ ಕೊಲೆಯನ್ನು ಮಾಡಿರಲು ಸಾಧ್ಯವೇ ಇರಲಿಲ್ಲ. ಅವರ ಮೇಲೆ ಯಾವ ವಿಚಾರಣೆಯೂ ನಡೆಯಲಿಲ್ಲ, ಯಾವ ನ್ಯಾಯಾಧೀಶರೂ ತೀರ್ಪು ಕೊಡಲಿಲ್ಲ. ರಾತ್ರಿ ಬಂದು ಎಬ್ಬಿಸಿ ಕರೆದುಕೊಂಡು ಹೋದರು, ಬೆಳಿಗ್ಗೆ ಕೊಂದರು. ಹದಿನೆಂಟರ ಶಾನ್ ಆ ಕೋಣೆಯಲ್ಲಿ ಒಂಟಿಯಾಗಿ ಉಳಿದರು. ಈ ಕೊಲೆಗೆ ಒಪ್ಪಿಗೆ ಕೊಟ್ಟ ಸಚಿವರಲ್ಲಿ ಕೆವಿನ್ ಓ'ಹಿಗಿನ್ಸ್ ಎಂಬುವರಿದ್ದರು. ಕೇವಲ ಒಂದು ವರ್ಷದ ಹಿಂದೆ ಇದೇ ಓ'ಹಿಗಿನ್ಸ್‌ರ ಮದುವೆಯಲ್ಲಿ ವರನ ಪಕ್ಕ ನಿಂತ ಗೆಳೆಯ ರೋರಿ! ಬ್ರಿಟಿಷರು ಮಾಡಿದ್ದನ್ನೇ ಸ್ವಂತ ದೇಶದ ಸರ್ಕಾರವೂ ಮಾಡಿತು. ಆ ಅಂತರ್ಯುದ್ಧದಲ್ಲಿ ಹೊಸ ಐರಿಷ್ ಸರ್ಕಾರ ಕೊಂದ ಕೈದಿಗಳ ಸಂಖ್ಯೆ 77ಕ್ಕೆ ಕಡಿಮೆಯಿಲ್ಲ. 1916ರಲ್ಲಿ ಬ್ರಿಟಿಷರು ಕೊಂದವರಿಗಿಂತ ಇದು ಎಷ್ಟು ಪಟ್ಟು ಎಂದು ಲೆಕ್ಕ ಹಾಕಿ ನೋಡಿ.

1927ರಲ್ಲಿ ಅದೇ ಓ'ಹಿಗಿನ್ಸ್‌ರನ್ನು ಹಂತಕರು ಗುಂಡಿಟ್ಟು ಕೊಂದಾಗ ಪೊಲೀಸರು ಶಾನ್‌ರನ್ನು ಬಂಧಿಸಿದರು. ಕೊಲೆಯ ವೇಳೆಯಲ್ಲಿ ಅವರು ದೇಶದ ಹೊರಗಿದ್ದರೆಂಬುದಕ್ಕೆ ಸಾಕ್ಷಿ ಇತ್ತು, ಬಿಡುಗಡೆಯಾದರು. ಸಾಕ್ಷಿ ಇಲ್ಲದಿದ್ದರೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಓ'ಹಿಗಿನ್ಸ್ ಸಾಯುವ ಮುನ್ನ ತಮ್ಮನ್ನು ಕೊಂದವರನ್ನು ಕ್ಷಮಿಸಿದರೆಂದು ಅವರ ಮನೆಯವರು ಹೇಳಿದ್ದಾರೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮಹಾಪುರುಷರ ಜೀವನ ಬರೆಯುವಾಗ ಕಲೆಗಳನ್ನು ಒರೆಸಿಬಿಡುವ ಅಭ್ಯಾಸ ನಮ್ಮಲ್ಲಿದೆ. ಶಾನ್ ಮ್ಯಾಕ್‌ಬ್ರೈಡ್ ಮೂವತ್ತರ ಹರೆಯದವರೆಗೂ ಶಸ್ತ್ರಧಾರಿ ಸಂಘಟನೆಯವರೇ ಆಗಿದ್ದರು. 1936ರಲ್ಲಿ ಸ್ವಲ್ಪ ಕಾಲ ಅದರ ದಂಡನಾಯಕರೂ ಆಗಿದ್ದರು. ಆ ವರ್ಷವೂ ಆ ಸಂಘಟನೆಯವರ ಗುಂಡಿಗೆ ಜನ ಸತ್ತಿದ್ದಾರೆ. 1937ರಲ್ಲಿ ಐರ್ಲೆಂಡಿಗೆ ಹೊಸ ಸಂವಿಧಾನ ಬಂತು. ಇನ್ನು ಬಂದೂಕಿನ ಅಗತ್ಯವಿಲ್ಲ, ಕಾನೂನಿನ ದಾರಿ ತೆರೆದಿದೆ ಎಂದು ಅವರು ಸಂಘಟನೆಯಿಂದ ದೂರವಾದರು. ಅದೇ ವರ್ಷ ವಕೀಲರಾಗಿ ಸನ್ನದು ಪಡೆದರು. ವಯಸ್ಸು ಆಗ 33. ತಡವಾಯಿತೆಂದು ಓದು ಬಿಟ್ಟವರು ಇದನ್ನು ಗಮನಿಸಬಹುದು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಪ್ರಕರಣಕ್ಕೆ ಬರುತ್ತೇನೆ.

ಐರ್ಲೆಂಡಿನ ಟಿಪ್ಪರರಿ ಜಿಲ್ಲೆಯಲ್ಲಿ ನ್ಯೂ ಇನ್ ಎಂಬ ಹಳ್ಳಿಯಿದೆ. ಅಲ್ಲಿ ಹ್ಯಾರಿ ಗ್ಲೀಸನ್ ಎಂಬಾತ ತನ್ನ ಚಿಕ್ಕಪ್ಪನ ಜಮೀನು ನೋಡಿಕೊಂಡಿದ್ದ. 1940ರ ನವೆಂಬರ್ 21ರ ಬೆಳಿಗ್ಗೆ ಹೊಲದಲ್ಲಿ ಮೇರಿ ಮೆಕಾರ್ತಿ ಎಂಬ ನೆರೆಮನೆಯ ಬಡ ಹೆಂಗಸು ಗುಂಡೇಟಿನಿಂದ ಸತ್ತು ಬಿದ್ದಿದ್ದಳು. ಮಕ್ಕಳೊಂದಿಗೆ ಒಂಟಿಯಾಗಿ ಬದುಕುತ್ತಿದ್ದವಳು, ಊರಿನವರ ಬಾಯಿಗೆ ಮೊದಲೇ ತುತ್ತಾಗಿದ್ದವಳು. ಹೆಣವನ್ನು ಮೊದಲು ಕಂಡವನು ಹ್ಯಾರಿ, ಪೊಲೀಸರಿಗೆ ಸುದ್ದಿ ಕೊಟ್ಟವನೂ ಅವನೇ. ಕೆಲವೇ ದಿನಗಳಲ್ಲಿ ಅವನನ್ನೇ ಹಿಡಿದರು. ಕೊಲೆ ನೋಡಿದವರು ಯಾರೂ ಇರಲಿಲ್ಲ. ಇದ್ದದ್ದು ಸಾಂದರ್ಭಿಕ ಸಾಕ್ಷ್ಯ, ಅದೂ ದುರ್ಬಲವಾದದ್ದು. ಅವನ ಪರ ವಾದಿಸಿದ ಕಿರಿಯ ವಕೀಲರು ಶಾನ್ ಮ್ಯಾಕ್‌ಬ್ರೈಡ್.

1941ರ ಫೆಬ್ರವರಿಯಲ್ಲಿ ಡಬ್ಲಿನ್‌ನಲ್ಲಿ ವಿಚಾರಣೆ ನಡೆಯಿತು. ಹತ್ತು ದಿನಗಳ ವಿಚಾರಣೆಯ ನಂತರ ಜೂರಿಯವರು ತಪ್ಪಿತಸ್ಥನೆಂದರು. ಜೊತೆಗೆ ದಯೆ ತೋರಬೇಕೆಂದೂ ಶಿಫಾರಸು ಮಾಡಿದರು. ತಪ್ಪಿತಸ್ಥನೆಂದು ಪೂರ್ತಿ ನಂಬಿದ್ದರೆ ಅಂಥ ಕೊಲೆಗೆ ದಯೆ ಏಕೆ ಕೇಳಿದರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಕಾನೂನಿನ ಪ್ರಕಾರ ಕೊಲೆಗೆ ಒಂದೇ ಶಿಕ್ಷೆ. ನ್ಯಾಯಾಧೀಶರು ಗಲ್ಲು ವಿಧಿಸಿದರು. ಮೇಲ್ಮನವಿ ವಜಾ ಆಯಿತು. ಸರ್ಕಾರ ಕ್ಷಮಾದಾನ ಕೊಡಲಿಲ್ಲ.

ನೇಣಿನ ಹಿಂದಿನ ದಿನ ಶಾನ್ ಸೆರೆಮನೆಗೆ ಹೋಗಿ ತಮ್ಮ ಕಕ್ಷಿದಾರನನ್ನು ಕಂಡರು. ಹ್ಯಾರಿ ಅಳಲಿಲ್ಲ, ಯಾರನ್ನೂ ಶಪಿಸಲಿಲ್ಲ. ತಾನು ಈ ಕೊಲೆ ಮಾಡಿಲ್ಲವೆಂದೂ, ನಿಜವಾದ ಕೊಲೆಗಾರ ಯಾರೆಂದು ಬೆಳಕಿಗೆ ಬರಲೆಂದು ಪ್ರಾರ್ಥಿಸುವೆನೆಂದೂ, ಅಂದು ತನ್ನ ಹೆಸರಿನ ಕಳಂಕ ತೊಳೆಯುವ ಕೆಲಸ ವಕೀಲರದೇ ಎಂದೂ ಹೇಳಿದ. ಶಾನ್ ಅದನ್ನು ಬರೆದಿಟ್ಟುಕೊಂಡರು. 1941ರ ಏಪ್ರಿಲ್ 23ರಂದು ಮೌಂಟ್‌ಜಾಯ್‌ನಲ್ಲಿ ಹ್ಯಾರಿ ಗ್ಲೀಸನ್‌ನನ್ನು ಗಲ್ಲಿಗೇರಿಸಿದರು. ಹದಿನೆಂಟು ವರ್ಷಗಳ ಹಿಂದೆ ರೋರಿಯನ್ನು ಕರೆದೊಯ್ದ ಅದೇ ಜೈಲು. ಸ್ವತಂತ್ರ ಐರ್ಲೆಂಡಿಗೆ ಸ್ವಂತ ನೇಣುಗಾರನೂ ಇರಲಿಲ್ಲ. ಈ ಕೆಲಸಕ್ಕೆ ಇಂಗ್ಲೆಂಡಿನಿಂದ ಜನ ಬರುತ್ತಿದ್ದರು! ಹೆಣವನ್ನು ಮನೆಯವರಿಗೆ ಕೊಡದೆ ಜೈಲಿನ ಆವರಣದಲ್ಲೇ ಹೆಸರಿನ ಕಲ್ಲೂ ಇಲ್ಲದೆ ಹೂಳಿದರು.

ಹ್ಯಾರಿ ನಿರಪರಾಧಿ ಎಂದು ಶಾನ್ ಕೊನೆಯವರೆಗೂ ನಂಬಿದ್ದರು. ತಂದೆಯನ್ನು ಕೊಂದದ್ದು ಪರಕೀಯ ಸೇನೆ, ರೋರಿಯನ್ನು ಕೊಂದದ್ದು ಯುದ್ಧಕಾಲದ ಸೇಡು. ಹ್ಯಾರಿಯ ವಿಷಯ ಹಾಗಲ್ಲ. ಶಾಂತಿಯ ಕಾಲವಲ್ಲದಿದ್ದರೂ ಐರ್ಲೆಂಡ್ ಆಗ ಯುದ್ಧದಿಂದ ಹೊರಗಿತ್ತು. ನ್ಯಾಯಾಲಯವಿತ್ತು, ಜೂರಿ ಇತ್ತು, ವಕೀಲರಿದ್ದರು, ಮೇಲ್ಮನವಿಯೂ ಆಯಿತು. ಎಲ್ಲವೂ ಕ್ರಮಬದ್ಧವಾಗಿ ನಡೆದು ಒಬ್ಬ ಮನುಷ್ಯ ಸತ್ತ. ಮರಣದಂಡನೆಯೇ ಇರಬಾರದೆಂಬ ಅವರ ನಿಲುವಿನ ಬೇರು ಇರುವುದು ಈ ಮೊಕದ್ದಮೆಯಲ್ಲಿ.

ನನ್ನ ತರಗತಿಯಲ್ಲಿ ಒಮ್ಮೆ ಕಂಪಾಸ್ ಪೆಟ್ಟಿಗೆ ಕಳುವಾಯಿತು. ಒಬ್ಬ ಹುಡುಗನ ಮೇಲೆ ಎಲ್ಲರೂ ಬೆರಳು ತೋರಿಸಿದರು, ನಾನೂ ನಂಬಿ ಅವನನ್ನು ಇಡೀ ಪೀರಿಯಡ್ ಹೊರಗೆ ನಿಲ್ಲಿಸಿದೆ. ಮರುದಿನ ಪೆಟ್ಟಿಗೆ ಅದರ ಒಡೆಯನ ಮನೆಯಲ್ಲೇ ಸಿಕ್ಕಿತು. ಎಲ್ಲರೆದುರು ಅವನ ಕ್ಷಮೆ ಕೇಳಿದೆ. ಅವನು ತಲೆ ತಗ್ಗಿಸಿ ನಕ್ಕ. ಕ್ಷಮೆ ಕೇಳಲು ಅವನು ಮರುದಿನ ಶಾಲೆಗೆ ಬಂದಿದ್ದನಲ್ಲ!

ಇರಲಿ, ಮತ್ತೆ ಶಾನ್‌ರ ವಿಷಯಕ್ಕೆ ಬರೋಣ. ಆ ವರ್ಷಗಳಲ್ಲಿ ಅವರು ಸೇನಾ ನ್ಯಾಯಾಲಯಗಳ ಮುಂದೆ ನಿಂತ ಅನೇಕರ ವಕಾಲತ್ತು ವಹಿಸಿದರು. 1946ರಲ್ಲಿ ಶಾನ್ ಮೆಕಾಹೆ ಎಂಬ ಕೈದಿ ಅನ್ನ ನೀರು ಬಿಟ್ಟು ಜೈಲಿನಲ್ಲೇ ಪ್ರಾಣ ಬಿಟ್ಟ. ಮೊದಲು ಮರಣದಂಡನೆಯಾಗಿ ನಂತರ ಜೀವಾವಧಿಗೆ ಇಳಿದಿದ್ದ ಶಿಕ್ಷೆ ಅವನದು. ಕೈದಿಯ ಬಟ್ಟೆ ತೊಡಲಾರೆನೆಂದು ವರ್ಷಗಟ್ಟಲೆ ಬರಿ ಕಂಬಳಿ ಹೊದ್ದು ಕೂತಿದ್ದ. ಸಾವಿನ ವಿಚಾರಣೆಯಲ್ಲಿ ಮ್ಯಾಕ್‌ಬ್ರೈಡ್ ಜೈಲಿನ ವೈದ್ಯರನ್ನು, ಅಂಥ ಸ್ಥಿತಿಯಲ್ಲಿ ತಮ್ಮ ನಾಯಿಯನ್ನಾದರೂ ಇಡುತ್ತೀರಾ ಎಂದು ಕೇಳಿದರು. ವೈದ್ಯರು ಇಲ್ಲವೆಂದರು. ಈ ಒಂದು ಉತ್ತರ ದೇಶದಲ್ಲೆಲ್ಲ ಹರಡಿತು. ಅದೇ ವರ್ಷ ಶಾನ್ ಹೊಸ ಪಕ್ಷ ಕಟ್ಟಿದರು, 1948ರಲ್ಲಿ ಸಮ್ಮಿಶ್ರ ಸರ್ಕಾರದಲ್ಲಿ ವಿದೇಶಾಂಗ ಸಚಿವರಾದರು.

ಅವರು ಸಚಿವರಾಗಿದ್ದಾಗಲೇ, 1948ರ ನವೆಂಬರ್ 24ರಂದು, ಐರ್ಲೆಂಡಿನಲ್ಲಿ ಮತ್ತೊಬ್ಬ ಕೈದಿಗೆ ನೇಣಾಯಿತು. ಕ್ಷಮಾದಾನದ ನಿರ್ಧಾರ ಆಗ ಮಂತ್ರಿಮಂಡಲದ ಕೈಯಲ್ಲಿತ್ತು. ಆ ದಿನವೂ ಅವರು ಸಚಿವರಾಗಿಯೇ ಉಳಿದರು. ಅವರನ್ನು ಎಷ್ಟೇ ಗೌರವಿಸಿದರೂ ಈ ಜಾಗದಲ್ಲಿ ನನ್ನ ಮನಸ್ಸು ಸ್ವಲ್ಪ ತಡೆದು ನಿಲ್ಲುತ್ತದೆ.

ಇದೇ ಅಧಿಕಾರದ ಕಾಲದಲ್ಲಿ ಅವರು ಮಾಡಿದ ಇನ್ನೊಂದು ಕೆಲಸವಿದೆ. ಎರಡನೇ ಮಹಾಯುದ್ಧದ ರಕ್ತಪಾತ ಕಂಡ ಜಗತ್ತು 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದರ ಮೂರನೇ ಕಲಮು ಪ್ರತಿಯೊಬ್ಬರಿಗೂ ಜೀವಿಸುವ ಹಕ್ಕಿದೆ ಎನ್ನುತ್ತದೆ. ಆದರೆ ಘೋಷಣೆ ಬೇರೆ, ಒಪ್ಪಂದ ಬೇರೆ. ಘೋಷಣೆಯನ್ನು ಮುರಿದ ಸರ್ಕಾರವನ್ನು ಕೋರ್ಟಿಗೆ ಎಳೆಯಲು ಬರುವುದಿಲ್ಲ. ಯುರೋಪಿನ ದೇಶಗಳು ಒಂದು ಹೆಜ್ಜೆ ಮುಂದೆ ಹೋಗಿ, ನ್ಯಾಯಾಲಯವೂ ಇರುವ ಮಾನವ ಹಕ್ಕುಗಳ ಒಪ್ಪಂದವನ್ನು 1950ರ ನವೆಂಬರ್ 4ರಂದು ರೋಮ್ ನಗರದಲ್ಲಿ ಮಾಡಿಕೊಂಡವು. ಐರ್ಲೆಂಡಿನ ಪರವಾಗಿ ಸಹಿ ಹಾಕಿದವರು ಶಾನ್ ಮ್ಯಾಕ್‌ಬ್ರೈಡ್. ಆ ಒಪ್ಪಂದದ ಎರಡನೇ ಕಲಮು ಜೀವದ ಹಕ್ಕನ್ನು ರಕ್ಷಿಸುತ್ತಲೇ ನ್ಯಾಯಾಲಯ ವಿಧಿಸಿದ ಮರಣದಂಡನೆಗೆ ವಿನಾಯಿತಿ ಕೊಟ್ಟಿತ್ತು. ಅಂದಿನ ಕಾಲಕ್ಕೆ ಅಷ್ಟೇ ಸಾಧ್ಯವಿತ್ತು.

ಆ ಸಹಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 1957ರಲ್ಲಿ ಐರಿಷ್ ಸರ್ಕಾರ ಜೆರಾರ್ಡ್ ಲಾಲೆಸ್ ಎಂಬ ಯುವಕನನ್ನು ವಿಚಾರಣೆಯಿಲ್ಲದೆ ಸುಮಾರು ಐದು ತಿಂಗಳು ಕೂಡಿಹಾಕಿತು. ಮ್ಯಾಕ್‌ಬ್ರೈಡ್ ಅವನ ವಕೀಲರಾಗಿ, ಸಚಿವರಾಗಿ ತಾವೇ ಸಹಿ ಮಾಡಿದ್ದ ಒಪ್ಪಂದದ ಆಧಾರದ ಮೇಲೆ ಸ್ವಂತ ದೇಶದ ವಿರುದ್ಧ ದೂರು ಕೊಂಡೊಯ್ದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟ ಮೊಟ್ಟಮೊದಲ ಮೊಕದ್ದಮೆ ಇದು. 1961ರಲ್ಲಿ ಅಂತಿಮ ತೀರ್ಪು ಬಂದಾಗ ಲಾಲೆಸ್ ಸೋತ. ತುರ್ತು ಪರಿಸ್ಥಿತಿಯಿತ್ತೆಂಬ ಸರ್ಕಾರದ ವಾದವನ್ನು ನ್ಯಾಯಾಲಯ ಒಪ್ಪಿತು. ಸೋತರೂ, ಒಬ್ಬ ಸಾಮಾನ್ಯ ಮನುಷ್ಯನ ದೂರಿನ ಮೇಲೆ ಒಂದು ಸರ್ಕಾರ ಅಂತರರಾಷ್ಟ್ರೀಯ ನ್ಯಾಯಾಧೀಶರ ಮುಂದೆ ಬಂದು ಉತ್ತರ ಕೊಡಬೇಕಾಯಿತು. 1916ರಲ್ಲಿ ಕಿಲ್ಮೇನಮ್ ಸೆರೆಮನೆಯಲ್ಲಿ ಅಂಥ ಒಂದು ಬಾಗಿಲು ಎಲ್ಲಿತ್ತು?

1961ರಲ್ಲೇ ಲಂಡನ್ನಿನ ವಕೀಲ ಪೀಟರ್ ಬೆನೆನ್‌ಸನ್ ಆಮ್ನೆಸ್ಟಿ ಸಂಸ್ಥೆಯನ್ನು ಆರಂಭಿಸಿದಾಗ ಅದರ ಸ್ಥಾಪಕರಲ್ಲಿ ಮ್ಯಾಕ್‌ಬ್ರೈಡ್ ಸೇರಿದರು. ಮುಂದೆ ವರ್ಷಗಳ ಕಾಲ ಅದರ ಅಂತರರಾಷ್ಟ್ರೀಯ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಾಗಿದ್ದರು. 1963ರಿಂದ ಜಿನೀವಾದಲ್ಲಿ ಅಂತರರಾಷ್ಟ್ರೀಯ ನ್ಯಾಯವಾದಿಗಳ ಆಯೋಗದ ಮಹಾಕಾರ್ಯದರ್ಶಿಯೂ ಆದರು. (ಆ ಆಯೋಗಕ್ಕೆ ಅಮೆರಿಕದ ಗುಪ್ತಚರ ಸಂಸ್ಥೆಯ ಹಣ ಬೇರೆ ಸಂಸ್ಥೆಯ ಮೂಲಕ ಬರುತ್ತಿತ್ತೆಂದು 1967ರಲ್ಲಿ ಬಯಲಾಯಿತು. ತಮಗೆ ತಿಳಿದಿರಲಿಲ್ಲವೆಂದು ಅವರು ಹೇಳಿದರು.) ಮಾನವ ಹಕ್ಕುಗಳಿಗೆಂದೇ ವಿಶ್ವಸಂಸ್ಥೆಯಲ್ಲಿ ಒಬ್ಬ ಹೈಕಮಿಷನರ್ ಬೇಕೆಂದು ಆಗ ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. ಆ ಹುದ್ದೆ ಹುಟ್ಟಿದ್ದು 1993ರಲ್ಲಿ, ಅವರು ತೀರಿಕೊಂಡ ಐದು ವರ್ಷಗಳ ಮೇಲೆ. 1970ರ ದಶಕದಲ್ಲಿ ಅವರು ನಮೀಬಿಯಾಕ್ಕೆ ವಿಶ್ವಸಂಸ್ಥೆಯ ಕಮಿಷನರ್ ಆಗಿ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರವನ್ನು ಎದುರುಹಾಕಿಕೊಂಡದ್ದು, 1982ರಲ್ಲಿ ಲೆಬನಾನ್ ಮೇಲೆ ಇಸ್ರೇಲ್ ನಡೆಸಿದ ದಾಳಿಯ ಬಗ್ಗೆ ವಿಚಾರಣಾ ಆಯೋಗದ ಅಧ್ಯಕ್ಷತೆ ವಹಿಸಿದ್ದು ಬೇರೆಯೇ ಲೇಖನ ಬೇಡುವ ವಿಷಯಗಳು.

ನಮ್ಮ ವಿಷಯಕ್ಕೆ ಸಂಬಂಧಿಸಿದ್ದನ್ನು ನೋಡೋಣ. 1966ರಲ್ಲಿ ವಿಶ್ವಸಂಸ್ಥೆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 1976ರಲ್ಲಿ, ಭಾರತ ಸೇರಿದ್ದು 1979ರಲ್ಲಿ. ಅದರ ಆರನೇ ಕಲಮು ಮರಣದಂಡನೆಯನ್ನು ನಿಷೇಧಿಸುವುದಿಲ್ಲ, ಆದರೆ ನಾಲ್ಕೂ ಕಡೆಯಿಂದ ಕಟ್ಟಿಹಾಕುತ್ತದೆ. ಅತ್ಯಂತ ಗಂಭೀರ ಅಪರಾಧಕ್ಕೆ ಮಾತ್ರ ಆ ಶಿಕ್ಷೆ ಕೊಡಬಹುದು. ಸಕ್ಷಮ ನ್ಯಾಯಾಲಯದ ಅಂತಿಮ ತೀರ್ಪು ಬೇಕು. ಅಪರಾಧ ನಡೆದಾಗ 18 ತುಂಬದವರಿಗೆ ವಿಧಿಸುವಂತಿಲ್ಲ, ಗರ್ಭಿಣಿಯ ಮೇಲೆ ಜಾರಿ ಮಾಡುವಂತಿಲ್ಲ. ಕ್ಷಮಾದಾನ ಕೇಳುವ ಹಕ್ಕು ಪ್ರತಿಯೊಬ್ಬ ಕೈದಿಗೂ ಇರಬೇಕು. ಜಾನ್ ಮ್ಯಾಕ್‌ಬ್ರೈಡ್ ಮತ್ತು ರೋರಿ ಓ'ಕಾನರ್ ಇವರ ಸಾವನ್ನು ಈ ಅಳತೆಗೋಲಿನಲ್ಲಿ ಇಟ್ಟು ನೋಡಿ, ಒಂದೂ ನಿಲ್ಲುವುದಿಲ್ಲ. ಹ್ಯಾರಿ ಗ್ಲೀಸನ್‌ನ ಸಾವನ್ನು ಇಟ್ಟರೆ ಹೆಚ್ಚುಕಡಿಮೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕಷ್ಟ ಇರುವುದೇ ಅಲ್ಲಿ. ಆದ್ದರಿಂದ ಕಟ್ಟುಪಾಡು ಸಾಲದು, ಶಿಕ್ಷೆಯೇ ಹೋಗಬೇಕು ಎಂಬ ವಾದ ಬಲವಾಯಿತು. 1977ರ ಡಿಸೆಂಬರಿನಲ್ಲಿ ಆಮ್ನೆಸ್ಟಿ ಸ್ಟಾಕ್‌ಹೋಮ್‌ನಲ್ಲಿ ಸಮ್ಮೇಳನ ಕರೆದು, ಯಾವ ಷರತ್ತೂ ಇಲ್ಲದ ರದ್ದತಿಗೆ ಕರೆಕೊಟ್ಟಿತು. ಎಲ್ಲ ಅಪರಾಧಗಳಿಗೂ ಮರಣದಂಡನೆಯನ್ನು ತೆಗೆದುಹಾಕಿದ್ದ ದೇಶಗಳು ಆಗ 16 ಮಾತ್ರ. 2024ರ ಕೊನೆಗೆ ಅವು 113 ಆಗಿದ್ದವು.

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಕೆಲವರಾದರೂ ಕೇಳಬಹುದು: ಮಾಸ್ತರರೇ, ನಮ್ಮ ಶರೀಅತ್‌ನಲ್ಲಿ ಖಿಸಾಸ್ ಇದೆಯಲ್ಲ, ಹಾಗಿರುವಾಗ ಈ ಕಥೆ ನಮಗೇಕೆ? ಪ್ರಶ್ನೆ ನ್ಯಾಯವಾದದ್ದು. ಮ್ಯಾಕ್‌ಬ್ರೈಡ್‌ರ ಸಂಪೂರ್ಣ ರದ್ದತಿಯ ನಿಲುವನ್ನು ನಮ್ಮ ಹೆಚ್ಚಿನ ಉಲಮಾಗಳು ಒಪ್ಪುವುದಿಲ್ಲ, ನಾನು ಮುಫ್ತಿಯೂ ಅಲ್ಲ. ಆದರೆ ಪವಿತ್ರ ಕುರ್‌ಆನ್ ಖಿಸಾಸ್ ಹೇಳಿದ ಜಾಗದಲ್ಲೇ ಕ್ಷಮೆಯನ್ನೂ ಹೇಳಿದೆ. ಕೊಲೆಯಾದವನ ವಾರಸುದಾರರು ಕ್ಷಮಿಸಬಹುದು, ದಿಯತ್ ಪಡೆದು ಬಿಡಬಹುದು. ಒಂದು ಜೀವವನ್ನು ಅನ್ಯಾಯವಾಗಿ ತೆಗೆಯುವುದು ಇಡೀ ಮನುಕುಲವನ್ನೇ ಕೊಂದಂತೆ ಎಂಬ ಎಚ್ಚರಿಕೆಯೂ ಅದೇ ಗ್ರಂಥದಲ್ಲಿದೆ. ಸಂಶಯ ಬಂದಲ್ಲಿ ಹದ್ದ್ ಶಿಕ್ಷೆ ಬಿದ್ದುಹೋಗುತ್ತದೆ ಎಂಬುದು ಫಿಖ್‌ಹ್ ವಿದ್ವಾಂಸರ ಹಳೆಯ ನಿಯಮ. ಹ್ಯಾರಿ ಗ್ಲೀಸನ್‌ನ ಕಡತವನ್ನು ಆ ಕಾಲದ ಒಬ್ಬ ಖಾಜಿಯ ಮುಂದೆ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡಿ. ಇನ್ನು ಮುಸ್ಲಿಂ ಬಹುಸಂಖ್ಯಾತ ದೇಶಗಳೆಲ್ಲ ಒಂದೇ ದಾರಿಯಲ್ಲಿವೆ ಎಂದುಕೊಳ್ಳಬೇಡಿ. ಜಿಬೂಟಿ 1995ರಲ್ಲಿ, ಅಜರ್‌ಬೈಜಾನ್ 1998ರಲ್ಲಿ, ಸೆನೆಗಲ್ ಮತ್ತು ತುರ್ಕಿ 2004ರಲ್ಲಿ ಮರಣದಂಡನೆಯನ್ನು ತೆಗೆದುಹಾಕಿದವು. ತುರ್ಕಿಯಲ್ಲಿ 1961ರಲ್ಲಿ ಸೇನಾಡಳಿತ ಗಲ್ಲಿಗೇರಿಸಿದ್ದ ಪ್ರಧಾನಿ ಅದ್ನಾನ್ ಮೆಂಡೆರೆಸ್‌ರನ್ನು 1990ರಲ್ಲಿ ರಾಷ್ಟ್ರೀಯ ಗೌರವದೊಡನೆ ಇಸ್ತಾಂಬುಲ್‌ನಲ್ಲಿ ಮತ್ತೆ ದಫನ್ ಮಾಡಿದರು. 1979ರಲ್ಲಿ ಗಲ್ಲಿಗೇರಿದ ಝುಲ್ಫಿಕಾರ್ ಅಲಿ ಭುಟ್ಟೋ ಅವರಿಗೆ ನ್ಯಾಯಯುತ ವಿಚಾರಣೆ ಸಿಗಲಿಲ್ಲವೆಂದು ಪಾಕಿಸ್ತಾನದ ಸುಪ್ರೀಂ ಕೋರ್ಟೇ 2024ರ ಮಾರ್ಚ್‌ನಲ್ಲಿ ಅಭಿಪ್ರಾಯಪಟ್ಟಿತು. 45 ವರ್ಷಗಳ ನಂತರ! ನಮ್ಮ ದೇಶದಲ್ಲಿ ಮರಣದಂಡನೆ ಇದೆ. 1980ರ ಬಚನ್ ಸಿಂಗ್ ಪ್ರಕರಣದಿಂದ ಅದು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಸೀಮಿತವಾಗಿದೆ. 2007ರಲ್ಲಿ ಮರಣದಂಡನೆಯನ್ನು ತಡೆಹಿಡಿಯಬೇಕೆಂಬ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 104 ಮತಗಳಿಂದ ಗೆದ್ದಾಗ ವಿರುದ್ಧ ಮತ ಹಾಕಿದ 54 ದೇಶಗಳಲ್ಲಿ ಭಾರತವೂ ಇತ್ತು. ಇದರ ಪರ ವಿರೋಧ ಎರಡನ್ನೂ ನಿಮ್ಮ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ.

ಶಾನ್ ಮ್ಯಾಕ್‌ಬ್ರೈಡ್ 1988ರ ಜನವರಿ 15ರಂದು ಡಬ್ಲಿನ್‌ನಲ್ಲಿ ನಿಧನರಾದರು. 84 ತುಂಬಲು ಕೆಲವೇ ದಿನಗಳಿದ್ದವು. ಮರುವರ್ಷ, 1989ರಲ್ಲಿ, ಮರಣದಂಡನೆಯ ರದ್ದತಿಗೆಂದೇ ವಿಶ್ವಸಂಸ್ಥೆ ಎರಡನೇ ಐಚ್ಛಿಕ ಪ್ರೋಟೋಕಾಲ್ ಅಂಗೀಕರಿಸಿತು. 1990ರಲ್ಲಿ ಐರ್ಲೆಂಡ್ ಆ ಶಿಕ್ಷೆಯನ್ನು ಕಾನೂನಿನಿಂದ ತೆಗೆಯಿತು. 2001ರಲ್ಲಿ ಜನಮತ ಪಡೆದು, ಮುಂದೆ ಯಾವ ಸರ್ಕಾರವೂ ಮತ್ತೆ ತರದಂತೆ ಸಂವಿಧಾನದಲ್ಲೇ ನಿಷೇಧಿಸಿತು. ಇದರಲ್ಲಿ ಒಂದನ್ನೂ ಅವರು ಕಣ್ಣಾರೆ ನೋಡಲಿಲ್ಲ.

ಹ್ಯಾರಿ ಒಪ್ಪಿಸಿದ್ದ ಕೆಲಸವೂ ಹಾಗೆಯೇ ಉಳಿದಿತ್ತು. 1993ರಲ್ಲಿ ಮಾರ್ಕಸ್ ಬರ್ಕ್ ಎಂಬ ಲೇಖಕರು ಆ ಮೊಕದ್ದಮೆಯ ಬಗ್ಗೆ ಪುಸ್ತಕ ಬರೆದರು. ನಂತರ ಹ್ಯಾರಿಯ ಬಂಧುಗಳೂ ಊರಿನವರೂ ಸೇರಿ ಹೋರಾಟ ಸಮಿತಿ ಕಟ್ಟಿಕೊಂಡರು. ಡಬ್ಲಿನ್‌ನ ಗ್ರಿಫಿತ್ ಕಾಲೇಜಿನಲ್ಲಿ ನಿರಪರಾಧಿ ಕೈದಿಗಳಿಗಾಗಿ ಕೆಲಸ ಮಾಡುವ ಯೋಜನೆಯೊಂದಿತ್ತು, ಅದರ ವಿದ್ಯಾರ್ಥಿಗಳು ಹಳೆಯ ಕಾಗದಪತ್ರಗಳನ್ನು ತಿರುವಿ ಹಾಕಿದರು. ಹೌದು, ನಿಮ್ಮಂಥ ವಿದ್ಯಾರ್ಥಿಗಳೇ. ಸರ್ಕಾರ ನೇಮಿಸಿದ ಹಿರಿಯ ವಕೀಲರೊಬ್ಬರು ಕಡತವನ್ನು ಪರಿಶೀಲಿಸಿ, ನಂಬಲರ್ಹವಲ್ಲದ ಸಾಂದರ್ಭಿಕ ಸಾಕ್ಷ್ಯದ ಮೇಲೆ ಶಿಕ್ಷೆಯಾಗಿದೆ ಎಂದರು. 2015ರಲ್ಲಿ ಐರ್ಲೆಂಡಿನ ರಾಷ್ಟ್ರಪತಿಗಳು ಹ್ಯಾರಿ ಗ್ಲೀಸನ್‌ಗೆ ಕ್ಷಮಾದಾನ ನೀಡಿದರು. ಸತ್ತವನಿಗೆ ಆ ದೇಶ ಕೊಟ್ಟ ಮೊದಲ ಕ್ಷಮಾದಾನ ಅದು. ಗಲ್ಲಾಗಿ 74 ವರ್ಷ ಕಳೆದಿತ್ತು.

ಆ ಮೇಲೂ ಅವನ ಮೂಳೆಗಳು ಮೌಂಟ್‌ಜಾಯ್‌ ಜೈಲಿನ ಮಣ್ಣಿನಲ್ಲೇ ಇದ್ದವು. ಅವನ್ನು ಹುಡುಕಿ, ಗುರುತಿಸಿ, 2024ರಲ್ಲಿ ಟಿಪ್ಪರರಿಯ ಹೋಲಿಕ್ರಾಸ್‌ಗೆ, ಅವನ ಸ್ವಂತ ಊರಿಗೆ, ತಂದು ಮಣ್ಣು ಮಾಡಿದರು.